ಪುಟ್ಟ ಟ್ರೇಲರ್ ಕೊಳ್ಳುವ ಮುನ್ನ ತೂಕದ ಮಾತು



ಕೂಟದ ಆರೋಗ್ಯ ಶಿಬಿರದಲ್ಲಿ ರಕ್ತದೊತ್ತಡ ನೋಡುವ ಮೇಜಿನ ಮುಂದೆ ಕುಳಿತಾಗ ನಮಗೆ ಎದುರಾಗುವ ಪ್ರಶ್ನೆಗಳು ಯಾವಾಗಲೂ ಆರೋಗ್ಯಕ್ಕೆ ಸಂಬಂಧಿಸಿದವೇ ಆಗಿರುವುದಿಲ್ಲ. ಈಚಿನ ವರ್ಷಗಳಲ್ಲಿ ತೋಳಿಗೆ ಪಟ್ಟಿ ಸುತ್ತಿಸಿಕೊಳ್ಳುತ್ತಲೇ ಹಲವರು, "ಡಾಕ್ಟ್ರೇ, ನೀವು ಟ್ರೇಲರ್ ಇಟ್ಟುಕೊಂಡಿದ್ದೀರಂತೆ. ನಾವೂ ಒಂದು ತಗೊಳ್ಳೋಣ ಅಂತಿದ್ದೇವೆ. ಆರು ಜನ ಮಲಗೋ ಅಂಥದ್ದು ಯಾವುದು ಒಳ್ಳೆಯದು?" ಎಂದು ಕೇಳುತ್ತಾರೆ. ಪ್ರಶ್ನೆ ಸಹಜವಾದುದು. ನಾವೂ ಮೊದಲು ಇದನ್ನೇ ಕೇಳಿದ್ದೆವು, ಮತ್ತು ಅದರಿಂದಲೇ ಕೆಟ್ಟೆವು. ಎಷ್ಟು ಮಂದಿ ಮಲಗಬಹುದು ಎಂಬುದು ಕೊನೆಯಲ್ಲಿ ಕೇಳಬೇಕಾದ ಪ್ರಶ್ನೆ; ಮೊದಲು ಕೇಳಬೇಕಾದುದು ತುಂಬಿದ ಟ್ರೇಲರ್ ಎಷ್ಟು ತೂಗುತ್ತದೆ, ಈಗಾಗಲೇ ಮನೆಯಲ್ಲಿರುವ ಕಾರು ಅದನ್ನು ಎಳೆಯಬಲ್ಲದೇ ಎಂಬುದು. ಈ ಬರಹದಲ್ಲಿ ನಾವು ಹೇಳಬೇಕೆಂದಿರುವುದು ಬಹುಪಾಲು ಇಷ್ಟೇ.

ಊರಿನ ಕಡೆ ಕ್ಯಾರವಾನ್ ಎಂದರೆ ಸಿನಿಮಾ ನಟರು ವಿಶ್ರಮಿಸುವ ದೊಡ್ಡ ವಾಹನ ನೆನಪಾಗುತ್ತದೆ. ನಾವು ಹೇಳುತ್ತಿರುವುದು ಅದಲ್ಲ. ಕಾರಿನ ಹಿಂದೆ ಕೊಂಡಿ ಹಾಕಿ ಎಳೆದೊಯ್ಯುವ, ಎಂಜಿನ್ ಇಲ್ಲದ ಪುಟ್ಟ ಮನೆ. ಡೆಟ್ರಾಯಿಟ್ ಕಡೆಯ ನಮ್ಮ ಬಂಧುಗಳಲ್ಲಿ ವಾಹನ ಎಂಜಿನಿಯರುಗಳೇ ತುಂಬಿರುವಾಗ ಈ ವಿಷಯವನ್ನು ವೈದ್ಯರು ಬರೆಯುವುದು ಅಧಿಕಪ್ರಸಂಗವೆನಿಸಬಹುದು. ಆದರೆ ಪೆಟ್ಟು ತಿಂದವರು ನಾವು, ಆದ್ದರಿಂದ ಬರೆಯುವ ಹಕ್ಕೂ ನಮ್ಮದೇ.

ನಮ್ಮ ತಾಯಿಯವರು ಆರು ತಿಂಗಳ ಮಟ್ಟಿಗೆ ನೇಪರ್‌ವಿಲ್‌ನ ನಮ್ಮ ಮನೆಗೆ ಬಂದಿದ್ದ ಬೇಸಿಗೆ ಅದು. ಅವರನ್ನೂ ಮಕ್ಕಳನ್ನೂ ಲಡಿಂಗ್ಟನ್ ಸ್ಟೇಟ್ ಪಾರ್ಕಿಗೆ ಕರೆದೊಯ್ಯಬೇಕೆಂಬ ಆಸೆಯಿಂದ ಒಂದು ಮಳಿಗೆಯಲ್ಲಿ ಟ್ರೇಲರ್ ಕೊಂಡೆವು. ನಮ್ಮ ಮಿನಿವ್ಯಾನ್‌ಗೆ 3500 ಪೌಂಡ್ ಎಳೆಯುವ ಶಕ್ತಿಯಿತ್ತು. ಟ್ರೇಲರ್‌ನ ಪರಿಚಯಪತ್ರದಲ್ಲಿ 2900 ಪೌಂಡ್ ಎಂದಿತ್ತು. "ಇನ್ನೂ 600 ಪೌಂಡ್ ಉಳಿಯಿತಲ್ಲ" ಎಂದು ಮಾರುವವನೂ ಹೇಳಿದ, ನಾವೂ ತಲೆದೂಗಿದೆವು. ಆ 2900 ಎಂಬುದು ಬರಿಗೊಡದ ತೂಕವೆಂಬುದು ಆಗ ನಮಗೆ ಹೊಳೆಯಲಿಲ್ಲ. ಒಂದು ಗ್ಯಾಲನ್ ನೀರು 8.3 ಪೌಂಡ್ ತೂಗುತ್ತದೆ. 30 ಗ್ಯಾಲನ್ ತೊಟ್ಟಿ ತುಂಬಿದರೆ 250 ಪೌಂಡ್. ಸಣ್ಣ ಗ್ಯಾಸ್ ಸಿಲಿಂಡರ್ ಒಂದಕ್ಕೆ 37 ಪೌಂಡ್, ಬ್ಯಾಟರಿಗೆ ಸುಮಾರು 50. ಅದರ ಮೇಲೆ ನಮ್ಮ ಸಂಸಾರ: ಎರಡು ಕುಕ್ಕರ್, ಇಡ್ಲಿ ಪಾತ್ರೆ, ಅಕ್ಕಿಯ ಚೀಲ, ಹಾಸಿಗೆ ಹೊದಿಕೆ, ಮತ್ತು ಇದನ್ನು ಬರೆಯಲು ನಾಚಿಕೆಯಾಗುತ್ತದೆ, ದೋಸೆ ಹಿಟ್ಟು ರುಬ್ಬುವ ಕಲ್ಲಿನ ಗ್ರೈಂಡರ್. ಇವೆಲ್ಲಕ್ಕೂ ಕಿರೀಟವಿಟ್ಟಂತೆ ಟ್ರೇಲರ್‌ನ ಹಿಂಬದಿಯ ಬಂಪರ್‌ಗೆ ನಾಲ್ಕು ಸೈಕಲ್‌ಗಳನ್ನು ಬಿಗಿದಿದ್ದೆವು.

ಐ-94 ಹೆದ್ದಾರಿಯಲ್ಲಿ ಮಿಶಿಗನ್ ಸಿಟಿ ದಾಟಿದ ಮೇಲೆ ದೊಡ್ಡ ಟ್ರಕ್ಕೊಂದು ಪಕ್ಕದಲ್ಲಿ ವೇಗವಾಗಿ ಹಾದುಹೋಯಿತು. ಅದರ ಗಾಳಿಗೆ ಟ್ರೇಲರ್ ಮೆಲ್ಲಗೆ ಎಡಕ್ಕೆ ಬಾಗಿ ಬಲಕ್ಕೆ ಬಂತು. ಮತ್ತೆ ಎಡಕ್ಕೆ ಹೋಯಿತು, ಈ ಸಲ ಹೆಚ್ಚು. ಮೂರನೆಯ ಸಲ ವ್ಯಾನಿನ ಹಿಂಭಾಗವನ್ನೇ ಎಳೆಯಿತು. ಭಯದಲ್ಲಿ ಬ್ರೇಕ್ ಒತ್ತಿದೆವು. ಅದು ತಪ್ಪು, ಓಲಾಟ ಇನ್ನೂ ಹೆಚ್ಚಿತು. ಬ್ರೇಕ್ ಬಿಟ್ಟು, ಸ್ಟೀರಿಂಗ್ ನೆಟ್ಟಗೆ ಹಿಡಿದು, ವೇಗ ತಾನಾಗಿ ಇಳಿಯಲು ಬಿಟ್ಟಾಗ ಅದು ಶಾಂತವಾಯಿತು. ಎಲ್ಲವೂ ಹತ್ತು ಸೆಕೆಂಡಿನೊಳಗೆ ನಡೆದುಹೋಯಿತು. ಹಿಂದಿನ ಸಾಲಿನಲ್ಲಿ ಮಕ್ಕಳು, ನಡುವಿನ ಸಾಲಿನಲ್ಲಿ ತಾಯಿ ಇದ್ದರು. ತುರ್ತುಚಿಕಿತ್ಸಾ ವಿಭಾಗದ ಬಾಗಿಲಲ್ಲಿ ಇಂತಹ ಹತ್ತು ಸೆಕೆಂಡುಗಳ ಇನ್ನೊಂದು ತುದಿಯನ್ನು ಕಂಡವರು ನಾವು. ಕೈ ನಡುಗುವುದು ಬಹಳ ಹೊತ್ತು ನಿಲ್ಲಲಿಲ್ಲ.

ಮಿಶಿಗನ್ ಗಡಿ ದಾಟಿದೊಡನೆ ನ್ಯೂ ಬಫಲೋ ಬಳಿ ಸಿಗುವ ಸ್ವಾಗತ ಕೇಂದ್ರದಲ್ಲಿ ನಿಲ್ಲಿಸಿದೆವು. ತಾಯಿಯವರು ನಿಧಾನವಾಗಿ ಇಳಿದು, ಟ್ರೇಲರ್‌ನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಸೈಕಲ್‌ಗಳ ಮುಂದೆ ನಿಂತರು. "ಹಿಂಭಾರ ಹೇರಿಬಿಟ್ಟಿದ್ದೀರಲ್ಲೋ. ಮೂಕಿ ಎದ್ದ ಗಾಡಿ ಎತ್ತಿನ ಮಾತು ಕೇಳುತ್ಯೇ?" ಎಂದರು.

ತುಮಕೂರು ಕಡೆಯ ಹಳ್ಳಿಯಲ್ಲಿ ಎತ್ತಿನ ಗಾಡಿಯಲ್ಲೇ ಜಾತ್ರೆಗೆ ಹೋಗಿ ಬೆಳೆದವರು ಅವರು. ಕಮಾನು ಕಟ್ಟಿದ ಗಾಡಿ, ಅದರ ಒಳಗೆ ಹುಲ್ಲಿನ ಹಾಸು, ಜಾತ್ರೆಯ ಮಾಳದಲ್ಲಿ ಗಾಡಿ ಬಿಟ್ಟು, ಮೂರು ಕಲ್ಲಿಟ್ಟು ಒಲೆ ಹೂಡಿ, ರಾತ್ರಿ ಗಾಡಿಯ ಒಳಗೂ ಅಡಿಯಲ್ಲೂ ಮಲಗುವುದು. ಗಾಡಿಯಲ್ಲಿ ಭಾರ ಮುಂದೆ ಹೆಚ್ಚಾದರೆ ನೊಗ ಎತ್ತಿನ ಹೆಗಲನ್ನು ಒತ್ತುತ್ತದೆ. ಹಿಂದೆ ಹೆಚ್ಚಾದರೆ ಮೂಕಿ ಮೇಲೆದ್ದು ಎತ್ತಿನ ಕೊರಳನ್ನು ಬಿಗಿಯುತ್ತದೆ. ಚೀಲಗಳನ್ನು ಹಿಂದೆ ಮುಂದೆ ಸರಿಸಿ ಮೂಕಿಯನ್ನು ಕೈಯಲ್ಲಿ ಎತ್ತಿ ನೋಡದೆ ಯಾವ ಗಾಡಿ ಹೊಡೆಯುವವನೂ ಹೊರಡುತ್ತಿರಲಿಲ್ಲವಂತೆ. ಇದನ್ನೇ ಇಲ್ಲಿನ ಕೈಪಿಡಿಗಳು ಕೊಂಡಿಯ ಭಾರ ಎಂಬ ಅರ್ಥದಲ್ಲಿ ಬರೆಯುತ್ತವೆ: ಟ್ರೇಲರ್‌ನ ಒಟ್ಟು ತೂಕದ ನೂರಕ್ಕೆ 10ರಿಂದ 15 ಭಾಗ ಕಾರಿನ ಕೊಂಡಿಯ ಮೇಲೆ ಕೂರಬೇಕು. ಅದಕ್ಕಿಂತ ಕಡಿಮೆಯಾದರೆ ಟ್ರೇಲರ್ ಬಾಲ ಅಲ್ಲಾಡಿಸುತ್ತದೆ.

ಮರುದಿನ ಟ್ರಕ್ ನಿಲ್ದಾಣವೊಂದರ ಕ್ಯಾಟ್ ಸ್ಕೇಲ್ ಮೇಲೆ ನಿಲ್ಲಿಸಿ ತೂಗಿಸಿದೆವು. ಟ್ರೇಲರ್ 3700 ಪೌಂಡ್ ಇತ್ತು. ಕೊಂಡಿಯ ಮೇಲೆ ಇದ್ದುದು ಬರೀ 200. ತಾಯಿಯವರ ರೋಗನಿರ್ಣಯ ಸರಿಯಾಗಿತ್ತು.

ಆ ಟ್ರೇಲರನ್ನು ಮುಂದಿನ ವಸಂತದಲ್ಲಿ ನಷ್ಟಕ್ಕೆ ಮಾರಿದೆವು. ಆಗ ಹಲವು ಮಿತ್ರರು ಕೊಟ್ಟ ಸಲಹೆ ಏನೆಂದರೆ, ದೊಡ್ಡ ಟ್ರಕ್ ಕೊಂಡುಬಿಡಿ, ಆಗ ಯಾವ ಟ್ರೇಲರ್ ಬೇಕಾದರೂ ಎಳೆಯಬಹುದು ಎಂದು. ಈ ಸಲಹೆಯನ್ನು ನಾವು ಒಪ್ಪುವುದಿಲ್ಲ. ವರ್ಷಕ್ಕೆ ನಾಲ್ಕೈದು ವಾರಾಂತ್ಯಗಳ ಸಲುವಾಗಿ ಉಳಿದ ಮುನ್ನೂರೈವತ್ತು ದಿನ ಟ್ರಕ್ ಓಡಿಸುವುದು, ಎರಡೆರಡು ಸಾಲ ತೀರಿಸುವುದು, ಟ್ರೇಲರ್ ನಿಲ್ಲಿಸಲು ಬಾಡಿಗೆಯ ಜಾಗ ಹುಡುಕುವುದು. ಹೀಗೆ ಕೊಂಡವರಲ್ಲಿ ಎರಡನೆಯ ವರ್ಷದ ಹೊತ್ತಿಗೆ ಹೊರಡುವುದನ್ನೇ ಬಿಟ್ಟವರನ್ನು ನಾವು ಬಲ್ಲೆವು. ನಮ್ಮಲ್ಲಿ ಬಹುತೇಕರ ಬಡಾವಣೆಗಳಲ್ಲಿ ಮನೆಯ ಮುಂದೆ ಟ್ರೇಲರ್ ನಿಲ್ಲಿಸಲು ಸಂಘದ ನಿಯಮ ಬಿಡುವುದಿಲ್ಲ ಎಂಬುದನ್ನೂ ನೆನೆಯಬೇಕು. ಗ್ಯಾರೇಜಿನ ಬಾಗಿಲು ಸಾಮಾನ್ಯವಾಗಿ 7 ಅಡಿ ಎತ್ತರ. ಅದರೊಳಗೆ ಹೋಗುವಂಥದ್ದಾದರೆ ನೆರೆಯವರ ದೂರೂ ಇಲ್ಲ, ಚಳಿಗಾಲದ ಹಿಮದ ಚಿಂತೆಯೂ ಇಲ್ಲ.

ವಾಸ್ತವದಲ್ಲಿ ಈ ಪುಟ್ಟ ಮನೆಯ ಕಲ್ಪನೆ ಹುಟ್ಟಿ ಬೆಳೆದುದೇ ನಮ್ಮ ಸುತ್ತಮುತ್ತ, ಮತ್ತು ಅದು ಹುಟ್ಟುವಾಗ ಪುಟ್ಟದಾಗಿಯೇ ಇತ್ತು. ಡೆಟ್ರಾಯಿಟ್‌ನಲ್ಲಿ ಆರ್ಥರ್ ಶರ್ಮನ್ ಎಂಬ ಸೂಕ್ಷ್ಮಾಣು ವಿಜ್ಞಾನಿ ಇದ್ದರು. ಔಷಧ ತಯಾರಿಕಾ ಸಂಸ್ಥೆಯೊಂದರ ಅಧ್ಯಕ್ಷರು. ಕೆಲವೇ ನಿಮಿಷಗಳಲ್ಲಿ ಡೇರೆಯಾಗಿ ಬಿಚ್ಚಿಕೊಳ್ಳುತ್ತದೆಂದು ಹೇಳಲಾಗುತ್ತಿದ್ದ ಬಂಡಿಯೊಂದನ್ನು ಕೊಂಡು ಸಂಸಾರ ಸಮೇತ ಹೊರಟ ಅವರು ಮಳೆಯಲ್ಲಿ ಅದನ್ನು ಬಿಚ್ಚಲಾರದೆ ತೊಯ್ದು ತೊಪ್ಪೆಯಾದರು. ಆ ಸಿಟ್ಟಿನಲ್ಲಿ 1929ರಲ್ಲಿ ತಾವೇ ಒಂದನ್ನು ಮಾಡಿಸಿದರು: ಅಗಲ 6 ಅಡಿ, ಉದ್ದ 9 ಅಡಿ, ಎತ್ತರ ಮನೆಯ ಕಾರಿಗಿಂತ ಹೆಚ್ಚಿಲ್ಲ. ಒಳಗೆ ಒಲೆ, ಐಸ್ ಪೆಟ್ಟಿಗೆ, ನಡುವೆ ಕಿರಿದಾದ ದಾರಿ. ಮಕ್ಕಳು ಅದಕ್ಕೆ 'ಕವರ್ಡ್ ವ್ಯಾಗನ್' ಎಂದು ಹೆಸರಿಟ್ಟರು. ಅಂದರೆ ನಮ್ಮ ಕಮಾನು ಗಾಡಿಯೇ. 1930ರ ಜನವರಿಯಲ್ಲಿ ಡೆಟ್ರಾಯಿಟ್ ಕಾರು ಪ್ರದರ್ಶನದಲ್ಲಿ 400 ಡಾಲರ್ ಬೆಲೆಗೆ ಇಟ್ಟರು. 1936ರ ವೇಳೆಗೆ ಅವರ ಕಂಪನಿ ದೇಶದಲ್ಲೇ ಅತಿ ಹೆಚ್ಚು ಟ್ರೇಲರ್ ತಯಾರಿಸುವ ಸಂಸ್ಥೆಯಾಗಿತ್ತು. ಪೆಟ್ರಿ ತಟ್ಟೆಯಲ್ಲಿ ಸೂಕ್ಷ್ಮಾಣುಗಳನ್ನು ಸಾಕಿದವರಿಗೆ ಕಿರಿದಾದ ಜಾಗದಲ್ಲಿ ಎಷ್ಟು ಜೀವ ಹಿಡಿಸುತ್ತದೆಂಬುದು ತಿಳಿದಿದ್ದೀತು.

ಈಗ ಈ ಉದ್ಯಮದ ರಾಜಧಾನಿ ಇಂಡಿಯಾನಾದ ಎಲ್ಖಾರ್ಟ್. ಚಿಕಾಗೋದಿಂದ ಸುಮಾರು ಎರಡು ಗಂಟೆ, ಡೆಟ್ರಾಯಿಟ್‌ನಿಂದ ಸುಮಾರು ಮೂರು ಗಂಟೆಯ ದಾರಿ. ಕೊಳ್ಳುವ ಯೋಚನೆಯಿರುವವರು ಮಕ್ಕಳೊಂದಿಗೆ ಅಲ್ಲಿನ ಆರ್‌ವಿ ಹಾಲ್ ಆಫ್ ಫೇಮ್ ವಸ್ತುಸಂಗ್ರಹಾಲಯವನ್ನು ಒಮ್ಮೆ ನೋಡಿಬರಬೇಕು. 1913ರಷ್ಟು ಹಳೆಯ ಟ್ರೇಲರ್ ಅಲ್ಲಿದೆ. ಹಳೆಯವನ್ನು ನೋಡಿದ ಮೇಲೆ ಹೊಸ ಮಾದರಿಗಳ ಎಷ್ಟೋ ಸೌಕರ್ಯಗಳು ಅನಾವಶ್ಯಕವೆನಿಸುತ್ತವೆ.

ಇನ್ನು ಲೆಕ್ಕಕ್ಕೆ ಬರೋಣ. ಪೆಟ್ರೋಲ್ ಎಂಜಿನ್‌ನ ಸಿಆರ್-ವಿಯಂತಹ ಕಾರು 1500 ಪೌಂಡ್ ಎಳೆಯುತ್ತದೆ. ಸಿಯೆನ್ನಾ, ಒಡಿಸ್ಸಿ ಮಿನಿವ್ಯಾನ್‌ಗಳು, ಕೊಂಡಿ ಹಾಕಿಸಿದ ಟೆಸ್ಲಾ ಮಾಡೆಲ್ ವೈ, ಇವುಗಳಿಗೆ 3500. ವಿ-6 ಎಂಜಿನ್‌ನ ಹೈಲ್ಯಾಂಡರ್‌ಗೆ, ಆಲ್-ವೀಲ್ ಡ್ರೈವ್ ಪೈಲಟ್‌ಗೆ 5000. ವರ್ಷದಿಂದ ವರ್ಷಕ್ಕೆ ಮಾದರಿಗಳು ಬದಲಾಗುವುದರಿಂದ ತಮ್ಮ ಕಾರಿನ ಕೈಪಿಡಿಯನ್ನೇ ನೋಡುವುದು ಉಚಿತ. ಆದರೆ ಈ ದೊಡ್ಡ ಅಂಕಿಗಿಂತ ನಿಜವಾದ ಕಡಿವಾಣ ಚಾಲಕನ ಬಾಗಿಲ ಚೌಕಟ್ಟಿಗೆ ಅಂಟಿಸಿರುವ ಚಿಕ್ಕ ಚೀಟಿಯಲ್ಲಿರುತ್ತದೆ: ಜನ ಮತ್ತು ಸಾಮಾನು ಸೇರಿ ಕಾರು ಹೊರಬಹುದಾದ ತೂಕ. ಅದು 1200 ಪೌಂಡ್ ಎಂದಿಟ್ಟುಕೊಳ್ಳಿ. ಅಜ್ಜ ಅಜ್ಜಿ ಸೇರಿ ಆರು ಮಂದಿಗೆ 850, ಚೀಲಗಳಿಗೆ 150, ಕೊಂಡಿಯ ಮೇಲಿನ ಭಾರ 350, ಒಟ್ಟು 1350. ಎಳೆಯುವ ಶಕ್ತಿ ಇನ್ನೂ ಉಳಿದಿದ್ದರೂ ಹೊರುವ ಶಕ್ತಿ ಆಗಲೇ ಮುಗಿದಿದೆ. ನಮ್ಮಂತೆ ಹಿರಿಯರನ್ನು ಕೂರಿಸಿಕೊಂಡು ಹೋಗುವ ಕುಟುಂಬಗಳಿಗೆ ಇದೇ ಮುಖ್ಯ ಲೆಕ್ಕ, ಮತ್ತು ಯಾವ ಮಾರಾಟಗಾರನೂ ತಾನಾಗಿ ಇದನ್ನು ಹೇಳಿದ್ದನ್ನು ನಾವು ಕೇಳಿಲ್ಲ.

ನಾವು ಹಾಕಿಕೊಂಡಿರುವ ನಿಯಮ ಇದು: ಟ್ರೇಲರ್‌ಗೆ ಅನುಮತಿಸಿರುವ ಗರಿಷ್ಠ ತುಂಬಿದ ತೂಕವು ಕಾರಿನ ಎಳೆಯುವ ಶಕ್ತಿಯ ಮುಕ್ಕಾಲು ಪಾಲನ್ನು ಮೀರಬಾರದು. 3500ರ ವ್ಯಾನ್‌ಗೆ ಸುಮಾರು 2600. ಹಾಗೆಂದಾಗ ಆಯ್ಕೆ ತಾನಾಗಿ ಕಿರಿದಾಗುತ್ತದೆ. ಹನಿಯಾಕಾರದ ಟಿಯರ್‌ಡ್ರಾಪ್‌ಗಳು ಇಬ್ಬರಿಗೆ ಸೊಗಸು, ಗ್ಯಾರೇಜಿಗೂ ಹೋಗುತ್ತವೆ, ಆದರೆ ಒಳಗೆ ನಿಲ್ಲಲಾಗದು. ಮಡಿಸಿದರೆ ಪೆಟ್ಟಿಗೆ, ಬಿಚ್ಚಿದರೆ ತ್ರಿಕೋನ ಛಾವಣಿಯಾಗುವ ಎ-ಲೈನರ್ ಮಾದರಿಯವು ಗಾಳಿಗೆ ಒಡ್ಡಿಕೊಳ್ಳುವುದೇ ಕಡಿಮೆ. ಮಿನ್ನೆಸೋಟಾದಲ್ಲಿ ತಯಾರಾಗುವ ಸ್ಕ್ಯಾಂಪ್‌ನಂತಹ ಫೈಬರ್‌ಗ್ಲಾಸ್ ಟ್ರೇಲರ್‌ಗಳು ಮೊಟ್ಟೆಯ ಎರಡು ಹೋಳು ಕೂಡಿಸಿದಂತಿದ್ದು ಹೊಲಿಗೆಗಳೇ ಕಡಿಮೆಯಾದ್ದರಿಂದ ಸೋರುವುದೂ ಕಡಿಮೆ. 13 ಅಡಿಯದು 1500 ಪೌಂಡ್‌ನ ಆಸುಪಾಸು. ಒಹಾಯೋದ ಟ್ಯಾಬ್ 2000 ಪೌಂಡ್‌ನ ಆಸುಪಾಸಿನಲ್ಲಿ ಹಾಸಿಗೆ, ಅಡುಗೆಕಟ್ಟೆ, ಕೆಲವು ಮಾದರಿಗಳಲ್ಲಿ ಶೌಚವನ್ನೂ ಅಡಕಗೊಳಿಸುತ್ತದೆ. ಸೋರುವ ಮಾತು ಸಣ್ಣದಲ್ಲ. ಛಾವಣಿಯ ಸಂದಿಯಿಂದ ಇಳಿದ ನೀರು ಗೋಡೆಯೊಳಗೆ ಬೂಷ್ಟು ಹಿಡಿಸಿದರೆ ಆಸ್ತಮಾ ಇರುವ ಮಗುವಿಗೆ ಆ ಟ್ರೇಲರ್ ಮುಗಿದಂತೆ. ಹಳೆಯದನ್ನು ಕೊಳ್ಳುವವರು ಮೂಲೆಗಳನ್ನು ಬೆರಳಿನಿಂದ ಒತ್ತಿ, ಮೂಗಿನಿಂದ ಮೂಸಿ ನೋಡಬೇಕು. ಹೊಸದನ್ನು ಕೊಳ್ಳುವವರು ಕಿಟಕಿಗಳನ್ನು ತೆರೆದು ಕೆಲವು ದಿನ ಗಾಳಿಯಾಡಿಸಬೇಕು. ಕತ್ರಿನಾ ಚಂಡಮಾರುತದ ನಂತರ ನಿರಾಶ್ರಿತರಿಗೆ ಕೊಟ್ಟ ಟ್ರೇಲರ್‌ಗಳಲ್ಲಿ ಫಾರ್ಮಾಲ್ಡಿಹೈಡ್ ಪ್ರಮಾಣ ಮಿತಿಮೀರಿದ್ದುದು ವೈದ್ಯಲೋಕಕ್ಕೆ ಚೆನ್ನಾಗಿ ನೆನಪಿದೆ.

ವಿದ್ಯುತ್ ಕಾರಿನವರಿಗೆ ಒಂದು ಮಾತು: ಟ್ರೇಲರ್ ಕಟ್ಟಿದರೆ ಒಂದು ಚಾರ್ಜಿನ ದೂರ ಅರ್ಧಕ್ಕೆ ಇಳಿಯಬಹುದು. ಲಡಿಂಗ್ಟನ್ ಹತ್ತಿರವೇನಲ್ಲ.

"ಹಾಗಾದರೆ ಅಜ್ಜಿಯನ್ನು ಎಲ್ಲಿ ಮಲಗಿಸುವುದು?" ಎಂಬ ಆಕ್ಷೇಪ ನ್ಯಾಯವಾದುದು. ಚಿಕ್ಕ ಟ್ರೇಲರ್ ಎಂದರೆ ಹಿರಿಯರನ್ನು ಮನೆಯಲ್ಲಿ ಬಿಡುವುದು ಎಂದಾಗಬಾರದು; ಹಾಗಾದರೆ ನಾವೇ ಅದನ್ನು ವಿರೋಧಿಸುತ್ತೇವೆ. ನಾವು ಕಂಡುಕೊಂಡ ದಾರಿ: ಟ್ರೇಲರ್ ಹಿರಿಯರಿಗೆ, ಪಕ್ಕದಲ್ಲೇ ಹೂಡಿದ ಡೇರೆ ಮಕ್ಕಳಿಗೆ. ಹತ್ತು ವರ್ಷದ ಮಗುವಿಗೆ ಡೇರೆಯೇ ಅರಮನೆ; ಎಪ್ಪತ್ತರ ಮೊಣಕಾಲಿಗೆ ನೆಲದಿಂದ ಏಳುವುದೇ ಶಿಕ್ಷೆ. ಆದ್ದರಿಂದ ಮಾದರಿ ನೋಡಲು ಹೋಗುವಾಗ ಹಿರಿಯರನ್ನು ಕರೆದುಕೊಂಡೇ ಹೋಗಿ. ಮೆಟ್ಟಿಲು ಎಷ್ಟು ಎತ್ತರ, ಹಿಡಿದುಕೊಳ್ಳಲು ಹಿಡಿಕೆ ಇದೆಯೇ, ಹಾಸಿಗೆಯ ಒಳಮಗ್ಗುಲಲ್ಲಿ ಮಲಗಿದವರು ಇನ್ನೊಬ್ಬರನ್ನು ದಾಟದೆ ಎದ್ದುಬರಲು ಸಾಧ್ಯವೇ ಎಂಬುದನ್ನು ಅವರೇ ಹತ್ತಿ, ಮಲಗಿ, ಎದ್ದು ತೋರಿಸಲಿ. ಮಧುಮೇಹ, ಪ್ರಾಸ್ಟೇಟ್ ತೊಂದರೆ ಇರುವವರು ರಾತ್ರಿ ಎರಡು ಮೂರು ಸಲ ಏಳುತ್ತಾರೆ. ಮಿಶಿಗನ್ ಸ್ಟೇಟ್ ಪಾರ್ಕ್‌ಗಳ 'ಮಾಡರ್ನ್' ಶಿಬಿರಗಳಲ್ಲಿ ನೀರಿನ ಶೌಚಾಲಯ, ಸ್ನಾನದ ಮನೆ ಇರುತ್ತವೆ, 'ರಸ್ಟಿಕ್' ಎಂಬಲ್ಲಿ ಗುಂಡಿ ಶೌಚವಷ್ಟೇ. ಎಲ್ಲಿಯಾದರೂ ಕತ್ತಲಲ್ಲಿ ಬೇರು ಎಡವಿ ಸೊಂಟ ಮುರಿದುಕೊಳ್ಳುವುದಕ್ಕಿಂತ ಟ್ರೇಲರ್‌ನೊಳಗೊಂದು ಸಣ್ಣ ಕ್ಯಾಸೆಟ್ ಶೌಚ ಇಟ್ಟುಕೊಳ್ಳುವುದು ಲೇಸು. ಅದಕ್ಕಾಗಿ 100 ಪೌಂಡ್ ಹೆಚ್ಚು ತೆರಬೇಕಾದರೂ ಚಿಂತೆಯಿಲ್ಲ. ನಿದ್ರೆಯಲ್ಲಿ ಸಿಪ್ಯಾಪ್ ಯಂತ್ರ ಬಳಸುವವರು ವಿದ್ಯುತ್ ಇಲ್ಲದ ಶಿಬಿರಗಳಿಗೆ, ಉದಾಹರಣೆಗೆ ಇಂಡಿಯಾನಾ ಡ್ಯೂನ್ಸ್‌ನ ಡ್ಯೂನ್‌ವುಡ್‌ಗೆ, ಬ್ಯಾಟರಿಯ ಲೆಕ್ಕ ಹಾಕಿಯೇ ಹೋಗಬೇಕು. ಇನ್ಸುಲಿನ್ ಅನ್ನು ಪುಟ್ಟ ಫ್ರಿಜ್‌ನ ಹಿಂಗೋಡೆಗೆ ತಾಗಿಸಿ ಇಟ್ಟರೆ ಹೆಪ್ಪುಗಟ್ಟಿ ಕೆಡುತ್ತದೆ.

ಅಡುಗೆಯ ವಿಷಯದಲ್ಲಿ ನಮ್ಮದು ಕಟ್ಟುನಿಟ್ಟು: ಒಳಗೆ ಒಗ್ಗರಣೆ ಇಲ್ಲ. ಒಣಮೆಣಸಿನಕಾಯಿ ಎಣ್ಣೆಗೆ ಬಿದ್ದರೆ ಅಷ್ಟು ಕಿರಿದಾದ ಜಾಗದಲ್ಲಿ ಎಲ್ಲರೂ ಕೆಮ್ಮುತ್ತ ಹೊರಗೋಡುತ್ತಾರೆ ಎಂಬುದು ತಮಾಷೆಯ ಕಾರಣ. ನಿಜವಾದ ಕಾರಣ ಕಾರ್ಬನ್ ಮಾನಾಕ್ಸೈಡ್. ಬಣ್ಣವಿಲ್ಲದ, ವಾಸನೆಯಿಲ್ಲದ ಈ ಅನಿಲ ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟು ಹೆಚ್ಚು ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಮನೆಯಲ್ಲಿ ಹರಡಿಹೋಗುವಷ್ಟು ಹೊಗೆ ಟ್ರೇಲರ್‌ನಲ್ಲಿ ಮಾರಕವಾಗಬಲ್ಲದು. ಸೆಪ್ಟೆಂಬರ್ ಕೊನೆಯ ಚಳಿಗೆ ಇದ್ದಿಲ ಒಲೆಯನ್ನು ಬೆಚ್ಚಗಿರಲೆಂದು ಒಳಗೆ ತರುವುದು, ಗ್ಯಾಸ್ ಒಲೆ ಉರಿಸಿಟ್ಟು ಮಲಗುವುದು, ಕಿಟಕಿಯ ಪಕ್ಕ ಜನರೇಟರ್ ಓಡಿಸುವುದು, ಇವು ಎಂದಿಗೂ ಕೂಡದು. ಜನರೇಟರ್ 20 ಅಡಿ ದೂರದಲ್ಲಿರಬೇಕು. ತಲೆನೋವು, ವಾಕರಿಕೆ, ತಲೆಸುತ್ತು ಒಬ್ಬರಿಗೆ ಬಂದರೆ ಜ್ವರವೆನ್ನಬಹುದು. ಒಂದೇ ಹೊತ್ತಿನಲ್ಲಿ ಎಲ್ಲರಿಗೂ ಬಂದರೆ ಮೊದಲು ಎಲ್ಲರನ್ನೂ ಹೊರಗೆ ಕರೆತಂದು 911ಕ್ಕೆ ಕರೆ ಮಾಡಿ. ಎಚ್ಚರಿಕೆಯ ಗಂಟೆಯ ಯಂತ್ರಕ್ಕೂ ಆಯುಸ್ಸಿದೆ. ಹಳೆಯ ಟ್ರೇಲರ್ ಕೊಂಡವರು ಅದರ ಬೆನ್ನ ಮೇಲಿನ ತಾರೀಖು ನೋಡಿ, ಮೀರಿದ್ದರೆ ಅಂದೇ ಬದಲಿಸಬೇಕು.

ಇಷ್ಟೆಲ್ಲ ತಾಪತ್ರಯವೇಕೆ, ಹೋಟೆಲ್ ಇಲ್ಲವೇ ಎನ್ನುವವರಿಗೆ ನಮ್ಮ ಉತ್ತರ ವೈದ್ಯರ ಉತ್ತರ. ದಕ್ಷಿಣ ಏಷ್ಯಾ ಮೂಲದವರಲ್ಲಿ ಹೃದ್ರೋಗ ಹೇಗೆ ಬೆಳೆಯುತ್ತದೆಂದು ಚಿಕಾಗೋ ಮತ್ತು ಸ್ಯಾನ್ ಫ್ರಾನ್ಸಿಸ್ಕೊ ಪ್ರದೇಶಗಳಲ್ಲಿ 2010ರಿಂದ ನಡೆದುಬಂದಿರುವ 'ಮಸಾಲಾ' ಎಂಬ ಅಧ್ಯಯನವಿದೆ; ಇಲ್ಲಿನ ಇತರ ಸಮುದಾಯಗಳಿಗಿಂತ ನಮ್ಮಲ್ಲಿ ಮಧುಮೇಹ ಹೆಚ್ಚೆಂಬುದನ್ನು ಅದು ತೋರಿಸಿದೆ. ಶಿಬಿರದ ಮೇಜಿನ ಮುಂದೆ ನಾವು ಕಾಣುವುದೂ ಅದನ್ನೇ. ಹೋಟೆಲಿನ ರಜೆಯಲ್ಲಿ ಕಾರಿನಿಂದ ಲಿಫ್ಟಿಗೆ, ಲಿಫ್ಟಿನಿಂದ ತಿಂಡಿಯ ಮೇಜಿಗೆ ನಡೆಯುತ್ತೇವೆ. ಪುಟ್ಟ ಟ್ರೇಲರ್‌ನಲ್ಲಿ ಕೂತಿರಲು ಜಾಗವೇ ಇಲ್ಲ, ಅದೇ ಅದರ ಗುಣ. ಬೆಳಗಾದರೆ ಹೊರಗೆ ಬರಲೇಬೇಕು: ನೀರು ತರಬೇಕು, ಸೈಕಲ್ ಹತ್ತಬೇಕು. ಲಡಿಂಗ್ಟನ್‌ನಲ್ಲಿ ಒಂದು ಪಕ್ಕ ಮಿಶಿಗನ್ ಸರೋವರ, ಇನ್ನೊಂದು ಪಕ್ಕ ಹ್ಯಾಮ್ಲಿನ್ ಸರೋವರ; ಸ್ಲೀಪಿಂಗ್ ಬೇರ್‌ನಲ್ಲಿ ಮರಳುಗುಡ್ಡ ಹತ್ತುವುದು; ವಾರನ್ ಡ್ಯೂನ್ಸ್ ಚಿಕಾಗೋದವರಿಗೆ ಒಂದು ರಾತ್ರಿಯ ಮಟ್ಟಿಗೂ ಹತ್ತಿರ. ಮಿಶಿಗನ್‌ನ ಪಶ್ಚಿಮ ತೀರ ಎರಡೂ ಊರಿನ ಸ್ನೇಹಿತರು ಸೇರಲು ಹೇಳಿಮಾಡಿಸಿದ ಜಾಗ. ಸ್ಟೇಟ್ ಪಾರ್ಕ್‌ಗಳಲ್ಲಿ ಆರು ತಿಂಗಳ ಮುಂಚಿನಿಂದ ಜಾಗ ಕಾದಿರಿಸಬಹುದು, ಜುಲೈನ ವಾರಾಂತ್ಯಗಳು ಬೇಗ ಮುಗಿಯುತ್ತವೆ. ಮ್ಯಾಕಿನಾಕ್ ಸೇತುವೆ ದಾಟಿ ಪಿಕ್ಚರ್ಡ್ ರಾಕ್ಸ್ ಕಡೆ ಹೋಗುವವರು ಗಾಳಿಯ ಮುನ್ಸೂಚನೆ ನೋಡಬೇಕು. ಐದು ಮೈಲಿಯ ಆ ಸೇತುವೆಯ ಮೇಲೆ ಗಾಳಿ ಜೋರಾದಾಗ ಎತ್ತರದ ವಾಹನಗಳನ್ನು ಬೆಂಗಾವಲಿನಲ್ಲಿ ನಿಧಾನವಾಗಿ ದಾಟಿಸುತ್ತಾರೆ. ಆಗ ತಗ್ಗಾದ ಟ್ರೇಲರ್‌ನ ಬೆಲೆ ತಿಳಿಯುತ್ತದೆ.

ಕೊಳ್ಳುವ ಮೊದಲು ಒಂದು ವಾರಾಂತ್ಯಕ್ಕೆ ಬಾಡಿಗೆಗೆ ತೆಗೆದುಕೊಂಡು ನೋಡಿ, ಅದೂ ಮಳೆಯ ವಾರಾಂತ್ಯವಾದರೆ ಇನ್ನೂ ಒಳ್ಳೆಯದು. ಕೊಂಡ ಮೇಲೆ, ಎಲ್ಲ ಸಾಮಾನು ಹೇರಿ, ಎಲ್ಲರೂ ಕುಳಿತು, ಒಮ್ಮೆ ತೂಗಿಸಿ. ಸೈಕಲ್‌ಗಳು ಕಾರಿನ ಮೇಲೆ ಇಲ್ಲವೇ ಒಳಗೆ. ಟ್ರೇಲರ್‌ನ ಹಿಂದೆ ಬೇಡ. ಭಾರವಾದುದು ಅಚ್ಚಿನ ಸ್ವಲ್ಪ ಮುಂದೆ, ಕೆಳಗೆ. ನೀರನ್ನು ಶಿಬಿರ ತಲುಪಿದ ಮೇಲೆ ತುಂಬಿಸಿಕೊಂಡರಾಯಿತು.

ನಮ್ಮ ಈಗಿನ ಟ್ರೇಲರ್ ತುಂಬಿದಾಗ 2300 ಪೌಂಡ್ ತೂಗುತ್ತದೆ. ಕೊಂಡಿಯ ಮೇಲೆ 270. ಗ್ರೈಂಡರ್ ಮನೆಯಲ್ಲೇ ಉಳಿಯುತ್ತದೆ, ಹಿಟ್ಟು ಡಬ್ಬಿಯಲ್ಲಿ ಬರುತ್ತದೆ. ಕಳೆದ ಸಲ ಬಂದಾಗ ತಾಯಿಯವರು ಹೊರಡುವ ಮುನ್ನ ಕೊಂಡಿಯ ಬಳಿ ನಿಂತು ನೋಡಿ, ಏನೂ ಹೇಳದೆ ವ್ಯಾನ್ ಹತ್ತಿದರು.

ಈ ಬೇಸಿಗೆಯ ಕೂಟದ ವನಭೋಜನಕ್ಕೆ ಟ್ರೇಲರನ್ನು ತರುತ್ತೇವೆ. ಆಸಕ್ತರು ಮನೆಯ ಹಿರಿಯರೊಂದಿಗೆ ಬಂದು ಒಳಗೆ ಹತ್ತಿ, ಮಲಗಿ, ಎದ್ದು ನೋಡಬಹುದು. ಮೆಟ್ಟಿಲ ಬಳಿ ಒಂದು ಮಣೆ ಇಟ್ಟಿರುತ್ತೇವೆ. ಬರುವಾಗ ತಮ್ಮ ಕಾರಿನ ಬಾಗಿಲ ಚೀಟಿಯ ಫೋಟೊ ತೆಗೆದುಕೊಂಡು ಬಂದರೆ ಅಲ್ಲೇ ಕುಳಿತು ಲೆಕ್ಕ ಹಾಕೋಣ. ರಕ್ತದೊತ್ತಡದ ಯಂತ್ರವೂ ಜೊತೆಗಿರುತ್ತದೆ.